ಚೀಟಿಯ ಕೊನೆಯ ಸಾಲು

ಸಾಗರದಿಂದ ಬಂದಿದ್ದ ಸೋದರಳಿಯ ಊಟ ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ, ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ನನ್ನ ಮುಂದಿಟ್ಟ. ಮರುದಿನ ಬೆಳಿಗ್ಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಬಿಡಿಭಾಗ ಕೊಂಡು, ಅಲ್ಲೇ ಕಂಪ್ಯೂಟರ್ ಕಟ್ಟಿಸಿಕೊಂಡು ರಾತ್ರಿ ಬಸ್ಸಿಗೆ ಊರು ಸೇರುವುದು ಅವನ ಲೆಕ್ಕ. "ಏನಾದರೂ ಬಿಟ್ಟುಹೋಗಿದೆಯಾ ನೋಡಿ ಮಾವ" ಎಂದ. ಹನ್ನೊಂದು ಸಾಲಿನ ಪಟ್ಟಿ. ಮೊದಲ ಸಾಲು ಗ್ರಾಫಿಕ್ಸ್ ಕಾರ್ಡ್. ಮಾದರಿ ಸಂಖ್ಯೆ, ಮೆಮೊರಿ, ಕಂಪನಿ ಎಲ್ಲವೂ ಮುತ್ತಿನಂಥ ಅಕ್ಷರದಲ್ಲಿತ್ತು. ಆಮೇಲೆ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗಾಜಿನ ಬಾಗಿಲಿನ ಕ್ಯಾಬಿನೆಟ್, ಅದರೊಳಗೆ ಬಣ್ಣದ ದೀಪ ಬೆಳಗುವ ಫ್ಯಾನುಗಳು. ಹನ್ನೊಂದನೆಯ ಸಾಲಿನಲ್ಲಿ ಎರಡೇ ಪದ: ಸ್ಪೀಕರ್, ಯಾವುದಾದರೂ.

ಅವನು ಮಾಡಹೊರಟ ಕೆಲಸ ತಾಳಮದ್ದಳೆಗಳನ್ನು ಚಿತ್ರೀಕರಿಸಿ, ಮನೆಯಲ್ಲೇ ಎಡಿಟ್ ಮಾಡಿ ಯೂಟ್ಯೂಬಿಗೆ ಹಾಕುವುದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಕೂತು ಮಾತಾಡುತ್ತಾರೆ, ಭಾಗವತರು ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ. ಕಣ್ಣು ಮುಚ್ಚಿ ಕೂತವನಿಗೂ ಹೆಚ್ಚೇನೂ ನಷ್ಟವಾಗದ ಕಲೆ ಅದು. ಅಂಥ ಕಲೆಯನ್ನು ದಾಖಲಿಸಲು ಹೊರಟವನು ಕಿವಿಯ ಸಾಲನ್ನು ಕೊನೆಗೆ ತಳ್ಳಿದ್ದ. ಈ ಬರಹ ಆ 'ಯಾವುದಾದರೂ' ಎಂಬ ಪದದ ಮೇಲೆ ನನಗಿರುವ ತಕರಾರು.

ತಪ್ಪು ಹುಡುಗನದಷ್ಟೇ ಎನ್ನಲಾರೆ. ಕಂಪ್ಯೂಟರ್ ಕೊಳ್ಳುವ ಬಗ್ಗೆ ನಮಗೆ ಸಿಗುವ ಸಲಹೆಯ ಬಹುಪಾಲು ಆಟದ ಲೋಕದಿಂದ ಹರಿದುಬಂದದ್ದು. ಗೇಮ್ ಆಡುವಾಗ ಪ್ರತಿ ಚಿತ್ರವನ್ನೂ ಗ್ರಾಫಿಕ್ಸ್ ಕಾರ್ಡ್ ಆ ಕ್ಷಣಕ್ಕೆ ಹೊಸದಾಗಿ ಬರೆಯಬೇಕು. ಅಲ್ಲಿ ಅದು ಮೊದಲ ಸಾಲಿನಲ್ಲಿರುವುದು ನ್ಯಾಯ. ಎಡಿಟಿಂಗಿನಲ್ಲಿ ಚಿತ್ರ ಆಗಲೇ ಇದೆ, ಫೈಲಿನಲ್ಲಿ ಮಡಿಸಿಟ್ಟಿದೆ. ಯಂತ್ರದ ಮುಖ್ಯ ಕೆಲಸ ಅದನ್ನು ಬಿಚ್ಚಿ ತೋರಿಸುವುದು. ಇನ್ನೊಂದು ಕಾರಣವೂ ಉಂಟು. ಗಿಗಾಹರ್ಟ್ಸು, ಕೋರು, ಗಿಗಾಬೈಟುಗಳನ್ನು ಎರಡು ಅಂಗಡಿಗಳಲ್ಲಿ ಕೇಳಿ ಹೋಲಿಸಬಹುದು. ಒಂದು ಸ್ಪೀಕರ್ ಎಷ್ಟು ನಿಜ ಹೇಳುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಸಂಖ್ಯೆಯಾಗಿ ಅಚ್ಚು ಹಾಕಲು ಬರುವುದಿಲ್ಲ. ಅಳೆಯಲು ಸುಲಭವಾದದ್ದು ಪಟ್ಟಿಯ ತಲೆಗೆ ಏರುತ್ತದೆ, ಅಳೆಯಲಾಗದ್ದು ತಳಕ್ಕೆ ಇಳಿಯುತ್ತದೆ.

ಹಾಗಾದರೆ ಯಾವ ಕ್ರಮದಲ್ಲಿ ಕೊಳ್ಳಬೇಕು? ಯಾವ ಸಾಮಾನು ಕೈಕೊಟ್ಟರೆ ಏನಾಗುತ್ತದೆ ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಸಿಗುತ್ತದೆ. ಮನೆಯ ಸ್ಟುಡಿಯೋದಲ್ಲಿ ಮೂರು ಬಗೆಯ ತೊಂದರೆಗಳಿವೆ: ನಿಧಾನ, ಮೋಸ, ನಷ್ಟ. ಪ್ರೊಸೆಸರ್ ದುರ್ಬಲವಾದರೆ ಕೆಲಸ ನಿಧಾನ. ಸ್ಪೀಕರ್, ಪರದೆ ಕೆಟ್ಟದಾದರೆ ಮೋಸ. ಮೈಕು, ಡಿಸ್ಕು, ಕರೆಂಟು ಕೈಕೊಟ್ಟರೆ ನಷ್ಟ. ನಿಧಾನ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ, ಅದಕ್ಕೆ ಉಪಾಯಗಳಿವೆ, ಏನೂ ಇಲ್ಲದಿದ್ದರೆ ತಾಳ್ಮೆಯಿದೆ. ಮೋಸ ಹೇಳಿಕೊಳ್ಳುವುದಿಲ್ಲ, ಸಾವಿರ ಜನ ನೋಡಿದ ಮೇಲೆ ಗೊತ್ತಾಗುತ್ತದೆ. ನಷ್ಟಕ್ಕೆ ಮದ್ದೇ ಇಲ್ಲ. ಆದ್ದರಿಂದ ದುಡ್ಡು ಮೊದಲು ನಷ್ಟ ತಡೆಯಲು, ಆಮೇಲೆ ಮೋಸ ತಡೆಯಲು, ಉಳಿದದ್ದು ನಿಧಾನ ತಡೆಯಲು ಹೋಗಬೇಕು. ಅಳಿಯನ ಚೀಟಿ ಇದಕ್ಕೆ ಸರಿಯಾಗಿ ತಲೆಕೆಳಗಾಗಿತ್ತು.

ನಿಧಾನದಿಂದಲೇ ಶುರು ಮಾಡೋಣ. ಎಲ್ಲರ ಕಣ್ಣೂ ಇರುವುದು ಅಲ್ಲಿಯೇ. ಇಂದಿನ ಫೋನುಗಳೂ ಬಹಳಷ್ಟು ಕ್ಯಾಮೆರಾಗಳೂ ಎಚ್.264 ಅಥವಾ ಎಚ್.265 ಎಂಬ ಕ್ರಮದಲ್ಲಿ ವಿಡಿಯೋ ಉಳಿಸುತ್ತವೆ. ಇದನ್ನು ಅಂಗಡಿಯ ಖಾತೆಪುಸ್ತಕಕ್ಕೆ ಹೋಲಿಸಬಹುದು. ಒಂದು ಚೌಕಟ್ಟನ್ನು ಆರಂಭದ ಶಿಲ್ಕಿನಂತೆ ಪೂರ್ತಿ ಬರೆದು, ಮುಂದಿನವುಗಳಲ್ಲಿ ಆದ ಬದಲಾವಣೆಯನ್ನಷ್ಟೇ ಜಮಾ ಖರ್ಚಿನಂತೆ ಬರೆಯುತ್ತಾರೆ. ಪುಸ್ತಕ ತೆಳ್ಳಗಾಗುತ್ತದೆ, ಆದರೆ ಹದಿನೇಳನೆಯ ದಿನದ ಶಿಲ್ಕು ಎಷ್ಟು ಎಂದು ಕೇಳಿದರೆ ಮೊದಲಿನಿಂದ ಕೂಡಿಕೊಂಡು ಬರಬೇಕು. ಎಡಿಟ್ ಮಾಡುವವನು ಹಿಂದೆ ಮುಂದೆ ಎಳೆದಾಡುವಾಗಲೆಲ್ಲ ಯಂತ್ರ ಈ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತದೆ, ಅದಕ್ಕೇ ತಡವರಿಸುತ್ತದೆ. ಆಪಲ್ ಕಂಪನಿ 2007ರಲ್ಲಿ ತಂದ ಪ್ರೋರೆಸ್, ಆವಿಡ್ ಕಂಪನಿಯ ಡಿಎನ್‌ಎಕ್ಸ್‌ಎಚ್‌ಡಿಗಳಲ್ಲಿ ಪ್ರತಿ ಚೌಕಟ್ಟಿನಲ್ಲೂ ಶಿಲ್ಕು ಬರೆದಿರುತ್ತದೆ. ಪುಸ್ತಕ ದಪ್ಪ, ಆದರೆ ಎಲ್ಲಿ ತೆರೆದರೂ ತಕ್ಷಣ ಓದಬಹುದು.

ಇಲ್ಲಿಯೇ ಬಡವನ ಉಪಾಯವೂ ಇದೆ. ಮೂಲ ಫೈಲುಗಳಿಗೆ ಇಂಥ ಸುಲಭ ಕ್ರಮದಲ್ಲಿ ಸಣ್ಣ ಅಳತೆಯ ಪ್ರತಿ ಮಾಡಿಕೊಂಡು, ಅದರ ಮೇಲೆ ಕತ್ತರಿ ಆಡಿಸಿ, ಕೊನೆಗೆ ಮೂಲಕ್ಕೆ ಜೋಡಿಸುವುದು. ಇದಕ್ಕೆ ಪ್ರಾಕ್ಸಿ ಎನ್ನುತ್ತಾರೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಕೆಡೆನ್‌ಲೈವ್‌ನಲ್ಲೂ ಈ ಸೌಲಭ್ಯವಿದೆ. ರಾತ್ರಿ ಮಲಗುವಾಗ ಪ್ರತಿ ಮಾಡಲು ಹಚ್ಚಿಟ್ಟರೆ ಬೆಳಿಗ್ಗೆ ಹಳೆಯ ಯಂತ್ರವೂ ಸಲೀಸಾಗಿ ಓಡುತ್ತದೆ. ದುಬಾರಿ ಕಾರ್ಡು ಕೊಂಡವನಿಗೆ ಈ ಉಪಾಯ ಬೇಡವೆಂದೇನೂ ಇಲ್ಲ. ಒಳ್ಳೆಯ ಕ್ಯಾಮೆರಾಗಳು ಕೊಡುವ 10 ಬಿಟ್, 4:2:2 ಬಣ್ಣದ ಎಚ್.265 ಫೈಲನ್ನು ಬಿಚ್ಚುವ ಶಕ್ತಿ ಎನ್‌ವಿಡಿಯಾದ ಕಾರ್ಡುಗಳಿಗೆ ಬಂದದ್ದು 2025ರ 50 ಸರಣಿಯಲ್ಲಿ. ಇಂಟೆಲ್‌ನ 11ನೆಯ ತಲೆಮಾರಿನ ನಂತರದ ಪ್ರೊಸೆಸರುಗಳ ಒಳಗೇ ಅಡಗಿರುವ ಪುಟ್ಟ ಗ್ರಾಫಿಕ್ಸ್ ಭಾಗ ಅದನ್ನು ಅದಕ್ಕಿಂತ ಮೊದಲೇ ಮಾಡುತ್ತಿತ್ತು. ಅಳಿಯನ ಚೀಟಿಯಲ್ಲಿದ್ದ ಪ್ರೊಸೆಸರ್ ಹೆಸರಿನ ತುದಿಯಲ್ಲಿ 'ಎಫ್' ಎಂಬ ಅಕ್ಷರವಿತ್ತು. ಆ ಪುಟ್ಟ ಭಾಗ ಇಲ್ಲದ, ಸ್ವಲ್ಪ ಅಗ್ಗದ ಮಾದರಿ ಎಂದು ಅದರ ಅರ್ಥ. ದೊಡ್ಡ ಕಾರ್ಡಿಗಾಗಿ ದುಡ್ಡು ಹೊಂದಿಸಲು ಹೋಗಿ, ತನ್ನ ಕೆಲಸಕ್ಕೆ ನಿಜವಾಗಿ ಒದಗುವ ಭಾಗವನ್ನೇ ಕೈಬಿಟ್ಟಿದ್ದ.

ಗ್ರಾಫಿಕ್ಸ್ ಕಾರ್ಡು ದಂಡ ಎಂದು ನಾನು ಹೇಳುತ್ತಿಲ್ಲ. ಬಣ್ಣ ತಿದ್ದುವುದು, ಕತ್ತಲಲ್ಲಿ ತೆಗೆದ ಚಿತ್ರದ ಕಾಳು ಅಳಿಸುವುದು, ಅಕ್ಷರ ಕುಣಿಸುವುದು ಹೆಚ್ಚಿದ್ದರೆ ಅದು ಬೇಕೇ ಬೇಕು. ರಿಸಾಲ್ವ್ ಅಂತೂ ಅದರ ಮೇಲೆ ತುಂಬಾ ಭಾರ ಹಾಕುತ್ತದೆ. ಆದರೆ ಮೂರು ಗಂಟೆಯ ಪ್ರಸಂಗದಲ್ಲಿ ಎರಡು ಕ್ಯಾಮೆರಾಗಳ ನಡುವೆ ಕತ್ತರಿಸಿ ಜೋಡಿಸುವವನಿಗೆ 32 ಜಿಬಿ ರ‍್ಯಾಮ್ ಮಾಡುವ ಉಪಕಾರವನ್ನು ಆ ಕಾರ್ಡು ಮಾಡುವುದಿಲ್ಲ. ಅದರ ಮೇಲೆ, ಬಿಸಿಯಾದ ಕಾರ್ಡಿನ ಫ್ಯಾನು ಕೂಗುತ್ತದೆ. ಮೈಕು, ಕಂಪ್ಯೂಟರ್, ಮಂಚ ಎಲ್ಲ ಒಂದೇ ಕೋಣೆಯಲ್ಲಿರುವ ನಮ್ಮ ಮನೆಗಳಲ್ಲಿ ಚಿತ್ರಕ್ಕೆಂದು ಕೊಂಡ ಬಲ ದನಿಗೆ ಮುಳುವಾಗುತ್ತದೆ. ಚಾವಣಿಯ ಫ್ಯಾನನ್ನಾದರೂ ಆರಿಸಬಹುದು, ಇದನ್ನು ಆರಿಸುವಂತಿಲ್ಲ.

ಕಂಪ್ಯೂಟರ್ ಬದಲಿಸಿದರೂ ಹೋಗದ ದೋಷಗಳೂ ಇವೆ, ಅವುಗಳ ಆಪಾದನೆ ಹೊತ್ತುಕೊಳ್ಳುವುದು ಹಳೆಯ ಯಂತ್ರ. ಪ್ರಸಂಗ ಮುಂದುವರಿದಂತೆ ತುಟಿಯೂ ಮಾತೂ ಬೇರೆ ಬೇರೆ ದಾರಿ ಹಿಡಿಯುತ್ತವೆ ಎಂಬುದು ಅಳಿಯನ ದೊಡ್ಡ ದೂರು. ಬಹಳಷ್ಟು ಫೋನುಗಳು ಸೆಕೆಂಡಿಗೆ 30 ಚೌಕಟ್ಟು ಎಂದು ತೋರಿಸಿದರೂ ಬೆಳಕು ಕಡಿಮೆಯಾದಾಗ ಆ ವೇಗವನ್ನು ಏರಿಳಿಸುತ್ತವೆ. ಬೇರೆಯಾಗಿ ಮುದ್ರಿಸಿದ ದನಿ ತನ್ನ ಪಾಡಿಗೆ ಒಂದೇ ಲಯದಲ್ಲಿ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಮೊದಲು ವೇಗವನ್ನು ಸ್ಥಿರ ಮಾಡಿಕೊಂಡರೆ ಆಯಿತು. ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಡಿಯುವುದಕ್ಕೂ ಹೀಗೆಯೇ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಕ್ಯಾಮೆರಾವನ್ನು 25 ಚೌಕಟ್ಟಿಗೆ, ಶಟರನ್ನು 50ನೆಯ ಒಂದು ಭಾಗಕ್ಕೆ ಇಟ್ಟರೆ ಮಿಡಿತ ನಿಲ್ಲುತ್ತದೆ. ಈ ಎರಡು ರೋಗಗಳಿಗೆ ಅವನು ಬರೆದುಕೊಂಡಿದ್ದ ಔಷಧಿ ಒಂದು ಹೊಸ ಕಂಪ್ಯೂಟರ್!

ಇನ್ನು ಮೋಸ. ಒಂದು ಉದಾಹರಣೆ ಸಾಕು. ಹಳೆಯ ಮನೆಗಳಲ್ಲಿ ಮೂರು ರಂಧ್ರದ ಪ್ಲಗ್ಗಿನ ಮೇಲಿನ ರಂಧ್ರ ಎಷ್ಟೋ ಸಲ ಬರೀ ಅಲಂಕಾರ. ಅದರ ಹಿಂದೆ ಅರ್ತಿಂಗ್ ತಂತಿಯೇ ಇರುವುದಿಲ್ಲ. ಆಗ ಕರೆಂಟಿನ 50 ಹರ್ಟ್ಸ್ ಗುಂಯ್ಗುಡುವಿಕೆ ಮೈಕಿನ ತಂತಿಯ ಮೂಲಕ ಮುದ್ರಣದೊಳಗೆ ನುಸುಳುತ್ತದೆ. ನಾಲ್ಕು ಇಂಚಿನ ಕೋನಿನ ಅಗ್ಗದ ಸ್ಪೀಕರಿಗೆ ಅಷ್ಟು ಕೆಳಗಿನ ದನಿಯನ್ನು ಹೊರಡಿಸುವ ಶಕ್ತಿ ಇರುವುದಿಲ್ಲ. ಕೋಣೆಯೂ ತನ್ನ ಪಾಲಿನ ಸುಳ್ಳು ಸೇರಿಸುತ್ತದೆ. ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 47 ಹರ್ಟ್ಸಿನ ಅಲೆ ನಿಂತುಬಿಡುತ್ತದೆ. ಗೋಡೆಗೆ ಒರಗಿ ಕೂತವನಿಗೆ ಅದು ಉಬ್ಬಿ ಕೇಳುತ್ತದೆ, ಕೋಣೆಯ ನಡುಮಧ್ಯೆ ಕೂತವನಿಗೆ ಬಹುತೇಕ ಕೇಳುವುದೇ ಇಲ್ಲ. ಎಡಿಟ್ ಮಾಡುವವನು ನಡುವೆ ಕೂತು, ಚಿಕ್ಕ ಸ್ಪೀಕರಿನಲ್ಲಿ ಕೇಳಿ, ಶುದ್ಧವಾಗಿದೆ ಎಂದು ತೀರ್ಪು ಕೊಟ್ಟು ಫೈಲನ್ನು ಲೋಕಕ್ಕೆ ಬಿಡುತ್ತಾನೆ.

"ಕೇಳುವವರೆಲ್ಲ ಫೋನಿನಲ್ಲಿ ಕೇಳುತ್ತಾರೆ, ಅವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ" ಎಂಬುದು ಅಳಿಯನ ವಾದ. ಮೇಲುನೋಟಕ್ಕೆ ಬಲವಾದ ವಾದವೇ. ಆದರೆ ಫೋನಿನವನು ಕಿವಿಯೊಳಗೆ ಬಿರಡೆಯಂತೆ ಕೂರುವ ಇಯರ್‌ಫೋನ್ ಹಾಕಿಕೊಂಡಿರುತ್ತಾನೆ. ಅಲ್ಲಿ ಕೋಣೆ ಇಲ್ಲ, ಗೋಡೆ ಇಲ್ಲ. ಕಿವಿಯ ನಾಳವನ್ನು ಮುಚ್ಚಿದ ಆ ಪುಟ್ಟ ಸಾಧನ ಕೆಳದನಿಯನ್ನು ಚೆನ್ನಾಗಿಯೇ ಮುಟ್ಟಿಸುತ್ತದೆ. ಎಡಿಟ್ ಮಾಡಿದವನಿಗೆ ಕೇಳದ ಗುಂಯ್ಕಾರ ಶಿರಸಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗುತ್ತಿರುವ ಕೇಳುಗನಿಗೆ ಕೇಳಿಸಬಹುದು. ಕೇಳುಗನಿಗಿಂತ ಕಡಿಮೆ ಕೇಳಿಸಿಕೊಳ್ಳುವವನು ಅವನಿಗಾಗಿ ದನಿ ತಿದ್ದುವುದು ಹೇಗೆ?

ಹಾಗೆಂದು ಲಕ್ಷ ರೂಪಾಯಿಯ ಸ್ಪೀಕರ್ ಬೇಕಿಲ್ಲ. ಯಮಹಾ ಕಂಪನಿ 1978ರಲ್ಲಿ ಮನೆಬಳಕೆಗೆಂದು ತಂದ ಎನ್‌ಎಸ್-10 ಎಂಬ ಸ್ಪೀಕರ್ ಮನೆಗಳಲ್ಲಿ ಹೆಸರು ಮಾಡಲಿಲ್ಲ. ಕೇಳಲು ಅದು ಇಂಪೇ ಅಲ್ಲ. ಆದರೆ ಮುದ್ರಣದ ಕೊರತೆಯನ್ನು ಮುಲಾಜಿಲ್ಲದೆ ಎತ್ತಿ ತೋರಿಸುವ ಗುಣಕ್ಕೆ ಜಗತ್ತಿನ ಸ್ಟುಡಿಯೋಗಳು ಅದನ್ನು ಎರಡು ದಶಕ ಮೇಜಿನ ಮೇಲಿಟ್ಟುಕೊಂಡವು. ಮೆಚ್ಚಿಸುವ ಸ್ಪೀಕರ್ ಬೇರೆ, ಹೇಳುವ ಸ್ಪೀಕರ್ ಬೇರೆ. ಅಂಗಡಿಯಲ್ಲಿ 'ಬೇಸ್' ಎಷ್ಟು ಗುದ್ದುತ್ತದೆ ನೋಡಿ ಎಂದು ತೋರಿಸುವುದು ಮೊದಲನೆಯ ಬಗೆ. ಮಕ್ಕಳ ಓದು, ಕುಕ್ಕರಿನ ಸೀಟಿ, ಮಳೆಗಾಲದಲ್ಲಿ ಹೆಂಚಿನ ಮೇಲಿನ ಸದ್ದು ಎಲ್ಲ ಇರುವ ಮನೆಗೆ ಒಂದು ನಂಬಿಕಸ್ತ ಹೆಡ್‌ಫೋನೇ ಒಳ್ಳೆಯ ಆರಂಭ. ಕೋಣೆಗೆ ಫೋಮಿನ ಹಲಗೆ ಅಂಟಿಸುವ ಮುಂಚೆ ಪುಸ್ತಕದ ಕಪಾಟು, ಹತ್ತಿಯ ಹಾಸಿಗೆ, ದಪ್ಪ ಕಂಬಳಿಗಳನ್ನು ಪ್ರಯೋಗಿಸಿ ನೋಡಬೇಕು. ಚಪ್ಪಾಳೆ ತಟ್ಟಿದಾಗ ಬರುವ ಟಿಣ್ ಎಂಬ ಅನುರಣನ ಅಷ್ಟಕ್ಕೇ ಬಹಳ ಇಳಿಯುತ್ತದೆ.

ಪರದೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಎಸ್‌ಆರ್‌ಜಿಬಿ ಬಣ್ಣಗಳನ್ನು ಪೂರ್ತಿ ತೋರಿಸುವ 24 ಇಂಚಿನ ಐಪಿಎಸ್ ಪರದೆ ಈ ಕೆಲಸಕ್ಕೆ ಸಾಕು. ಕಿಟಕಿಗೆ ಎದುರಾಗಿ ಇಡದೆ, ಬಣ್ಣಗಳನ್ನು ರಂಗೇರಿಸುವ 'ವಿವಿಡ್' ಮೋಡನ್ನು ಆರಿಸಿ ಕೂತರೆ ಅರ್ಥಧಾರಿಯ ಮುಖ ಅರಿಸಿನ ಬಳಿದಂತೆ ಆಗುವುದಿಲ್ಲ.

ಮೂರನೆಯದು ನಷ್ಟ. ಇದರ ಮೊದಲ ಬಾಗಿಲು ಮೈಕು. ಕೂತು ಮಾತಾಡುವ ಅರ್ಥಧಾರಿಯಿಂದ ಹದಿನೈದು ಅಡಿ ದೂರದ ಕ್ಯಾಮೆರಾದ ಮೈಕು ಹಿಡಿಯುವುದು ಮಾತಿಗಿಂತ ಸಭಾಂಗಣವನ್ನೇ. ಅದೇ ಮೈಕಿಗೆ ಮುಂದಿನ ಕ್ಷಣ ಚೆಂಡೆಯ ಪೆಟ್ಟು ಬಿದ್ದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಹಾಗೆ ಕತ್ತರಿಸಿದ ದನಿಯನ್ನು ಇದ್ದಂತೆ ಮರಳಿಸುವ ಪ್ರೊಸೆಸರ್ ಯಾವ ಅಂಗಡಿಯಲ್ಲೂ ಇಲ್ಲ. ದನಿ ಚಿತ್ರದಂತೆ ಜಾಗ ತಿನ್ನುವುದೂ ಇಲ್ಲ. 24 ಬಿಟ್, 48 ಕಿಲೋಹರ್ಟ್ಸಿನ ಸ್ಟೀರಿಯೋ ಮುದ್ರಣಕ್ಕೆ ಗಂಟೆಗೆ ಸುಮಾರು ಒಂದು ಗಿಗಾಬೈಟ್. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ತೆಗೆದ 4ಕೆ ವಿಡಿಯೋಗೆ ಗಂಟೆಗೆ 45. ನಲವತ್ತೈದರಲ್ಲಿ ಒಂದು ಪಾಲು ಜಾಗ ಬೇಡುವ ವಸ್ತು ತಾಳಮದ್ದಳೆಯ ಮುಕ್ಕಾಲು ಪ್ರಾಣವನ್ನು ಹೊತ್ತಿರುತ್ತದೆ.

ಎರಡನೆಯ ಬಾಗಿಲು ಡಿಸ್ಕು. ನಾಲ್ಕು ಗಂಟೆಯ ಪ್ರಸಂಗ, ಎರಡು ಕ್ಯಾಮೆರಾ ಎಂದರೆ 360 ಗಿಗಾಬೈಟ್. ಅಂಗಡಿಯವರು ಇಲ್ಲಿಯೂ ವೇಗದ ಮಾತೆತ್ತುತ್ತಾರೆ. ಆದರೆ ಮೇಲೆ ಹೇಳಿದ 4ಕೆ ವಿಡಿಯೋ ಸೆಕೆಂಡಿಗೆ ಕೇಳುವುದು 12.5 ಮೆಗಾಬೈಟ್ ಮಾತ್ರ. ಸಾಧಾರಣ ಹಾರ್ಡ್ ಡಿಸ್ಕು ಒಂದೇ ಸಮನೆ ಓದುವಾಗ 150ರ ಆಸುಪಾಸು ಕೊಡುತ್ತದೆ. ಹಲವು ಕ್ಯಾಮೆರಾಗಳ ಫೈಲುಗಳ ನಡುವೆ ನೆಗೆದಾಡುವಾಗ ಅದು ಸುಸ್ತಾಗುವುದರಿಂದ ಕೈಯಲ್ಲಿರುವ ಕೆಲಸಕ್ಕೆ ಒಂದು ಎಸ್‌ಎಸ್‌ಡಿ ಬೇಕು, ಮುಗಿದ ಕೆಲಸಕ್ಕೆ ದೊಡ್ಡ ಹಾರ್ಡ್ ಡಿಸ್ಕುಗಳೇ ಸರಿ. ವೇಗದ ಅಂಕಿಯನ್ನು ದುಪ್ಪಟ್ಟು ಮಾಡಲು ಕೊಡುವ ದುಡ್ಡಿಗೆ ಎರಡನೆಯ ಪ್ರತಿಯೊಂದು ಬಂದರೆ ಲಾಭ ಹೆಚ್ಚು.

ಪ್ರತಿಯ ಬೆಲೆ ಏನೆಂದು ತಿಳಿಯಲು ದೊಡ್ಡವರ ಕಥೆಯೊಂದನ್ನು ನೋಡಬೇಕು. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ 'ಟಾಯ್ ಸ್ಟೋರಿ 2' ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಆದೇಶದಿಂದ ಚಿತ್ರದ ಫೈಲುಗಳ ಬಹುಭಾಗ ಅಳಿಸಿಹೋಯಿತು. ಕಾಪಿಟ್ಟ ಪ್ರತಿಗಳನ್ನು ತೆರೆದರೆ ಅವೂ ಸರಿಯಾಗಿರಲಿಲ್ಲ. ಚಿತ್ರ ಉಳಿದದ್ದು ಎಳೆಮಗುವಿದ್ದ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದ್ದುದರಿಂದ. ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಬೇರೆ ಜಾಗದಲ್ಲಿ ಎಂಬ ಸೂತ್ರವನ್ನು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಬಳಕೆಗೆ ತಂದರು. ಊರಿನವರಿಗೆ ಇದು ಹೊಸದೇನಲ್ಲ. ಬಿತ್ತನೆ ಬೀಜವನ್ನು ಒಂದೇ ಪಣತದಲ್ಲಿ ಇಡಬಾರದು ಎಂಬ ಬುದ್ಧಿಯೇ ಇದು. ತಂಗಿಯ ಮನೆಯ ಗೋದ್ರೇಜ್ ಬೀರುವಿನಲ್ಲಿ ಒಂದು ಡಿಸ್ಕು ಇಟ್ಟರೆ ಸೂತ್ರ ಪೂರ್ತಿಯಾಯಿತು.

ಮೂರನೆಯ ಬಾಗಿಲು ಕರೆಂಟು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುವುದಕ್ಕಿಂತ ಹೋಗಿ ಬಂದು ಹೋಗುವುದು ಹೆಚ್ಚು ಅಪಾಯ. ಡಿಸ್ಕು ಬರೆಯುತ್ತಿರುವಾಗ ಹೀಗಾದರೆ ಆ ಫೈಲಿನ ಆಸೆ ಬಿಟ್ಟಂತೆಯೇ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎಂದರೆ, ಅದರ ಹಿಂದೆ ಯುಪಿಎಸ್ ಮೋಡಿನ ಗುಂಡಿ ಇದ್ದರೆ ಅದನ್ನು ಹಾಕಿದ್ದೀರಾ ನೋಡಿ. ಸಾಧಾರಣ ಮೋಡಿನಲ್ಲಿ ಅದು ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆರಿಹೋಗಬಹುದು. ಅಳಿಯನ ಚೀಟಿಯಲ್ಲಿ ಯುಪಿಎಸ್‌ನ ಹೆಸರೇ ಇರಲಿಲ್ಲ. ಈ ದೃಷ್ಟಿಯಿಂದ ಲ್ಯಾಪ್‌ಟಾಪ್ ಕೂಡ ಯೋಚಿಸಬೇಕಾದ ದಾರಿ: ಬ್ಯಾಟರಿ ಹುಟ್ಟಿನಿಂದಲೇ ಬಂದಿರುತ್ತದೆ. 2020ರಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್‌ನಂಥವುಗಳಲ್ಲಿ ಫ್ಯಾನೇ ಇಲ್ಲ, ಆದ್ದರಿಂದ ಸದ್ದೂ ಇಲ್ಲ. ಆದರೆ ಅಂಥವುಗಳಿಗೆ ಮುಂದೆ ರ‍್ಯಾಮ್ ಸೇರಿಸಲು ಬರುವುದಿಲ್ಲ ಎಂಬುದನ್ನು ಕೊಳ್ಳುವ ದಿನವೇ ಒಪ್ಪಿಕೊಂಡಿರಬೇಕು.

ನನ್ನ ಕ್ರಮಕ್ಕೆ ಎದುರಾಗಿ ಹೇಳಬಹುದಾದ ದೊಡ್ಡ ಮಾತೊಂದಿದೆ: ಸಮಯ. ತಿಂಗಳಿಗೆ ಎಂಟು ಮದುವೆ ಚಿತ್ರೀಕರಿಸಿ, ಹೇಳಿದ ದಿನಕ್ಕೆ ವಿಡಿಯೋ ಕೊಡಬೇಕಾದವನಿಗೆ ನಿಧಾನವೂ ಒಂದು ನಷ್ಟವೇ. ರಾತ್ರಿಯಿಡೀ ಪ್ರಾಕ್ಸಿಗೆ ಕಾಯುತ್ತ ಕೂರಲು ಅವನಿಗೆ ಪುರುಸೊತ್ತಿಲ್ಲ. ಒಪ್ಪುತ್ತೇನೆ. ಅವನು ಒಳ್ಳೆಯ ಪ್ರೊಸೆಸರಿಗೂ ಕಾರ್ಡಿಗೂ ಧಾರಾಳವಾಗಿ ಖರ್ಚು ಮಾಡಲಿ, ಅದು ವ್ಯಾಪಾರದ ಬಂಡವಾಳ. ಆದರೆ ಅವನೂ ಮುಹೂರ್ತದ ಫೈಲು ಕಳೆದುಕೊಂಡರೆ ಎರಡನೆಯ ಮುಹೂರ್ತ ಇಡಿಸಲಾರ. ನಿಧಾನವನ್ನು ಅವನು ಎರಡನೆಯ ಸ್ಥಾನಕ್ಕೆ ತರಬಹುದು, ಮೊದಲ ಸ್ಥಾನಕ್ಕಂತೂ ಅಲ್ಲ.

"ಮುಂದಕ್ಕೂ ಬರಲಿ ಅಂತ ದೊಡ್ಡದೇ ತಗೊಳ್ಳೋಣ" ಎಂಬುದು ಇನ್ನೊಂದು ಮಾತು. ಮುಂದಕ್ಕೆ ಬರುವ ಸಾಮಾನು ಯಾವುದು? ಸೋನಿಯ ಎಂಡಿಆರ್-7506 ಎಂಬ ಹೆಡ್‌ಫೋನ್ 1991ರಲ್ಲಿ ಬಂದದ್ದು, ಸ್ಟುಡಿಯೋಗಳಲ್ಲಿ ಇವತ್ತಿಗೂ ಅದೇ ಮಾದರಿ ನಡೆಯುತ್ತಿದೆ. ಅದು ಬಂದಾಗ ಮೇಜಿನ ಮೇಲಿದ್ದ 486 ಕಂಪ್ಯೂಟರನ್ನು ಈಗ ಗುಜರಿಯವನೂ ಕೇಳುವುದಿಲ್ಲ. ಮೈಕು, ಹೆಡ್‌ಫೋನ್, ಸ್ಪೀಕರು ಮಾಗುವ ಸಾಮಾನುಗಳು. ಪ್ರೊಸೆಸರು, ಕಾರ್ಡು ಹಳಸುವ ಸಾಮಾನುಗಳು. ಮುಂದಕ್ಕೆ ಬರಲಿ ಎಂಬುವವನು ಮಾಗುವುದರ ಮೇಲೆ ಹಣ ಹಾಕಬೇಕು.

ಕಸುಬಿನ ಹಿರಿಯರೂ ಇದನ್ನೇ ಮಾಡಿ ತೋರಿಸಿದ್ದಾರೆ. 'ದಿ ಇಂಗ್ಲಿಷ್ ಪೇಷೆಂಟ್' ಚಿತ್ರದ ಸಂಕಲನಕ್ಕೊಂದು, ಧ್ವನಿಗೊಂದು ಎಂದು ಎರಡು ಆಸ್ಕರ್ ಪಡೆದ ವಾಲ್ಟರ್ ಮರ್ಚ್ 2003ರ 'ಕೋಲ್ಡ್ ಮೌಂಟನ್' ಚಿತ್ರವನ್ನು ಸಂಕಲಿಸಿದ್ದು ಅಂಗಡಿಯಲ್ಲಿ ಯಾರಿಗಾದರೂ ಸಿಗುತ್ತಿದ್ದ ಪವರ್ ಮ್ಯಾಕ್ ಜಿ4 ಕಂಪ್ಯೂಟರುಗಳಲ್ಲಿ, ಫೈನಲ್ ಕಟ್ ಪ್ರೋ ತಂತ್ರಾಂಶದಿಂದ. 2020ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದ ಕೊರಿಯಾದ 'ಪ್ಯಾರಸೈಟ್' ಚಿತ್ರದ ಸಂಕಲನಕಾರ ಯಾಂಗ್ ಜಿನ್‌ಮೋ ಬಳಸಿದ್ದು ಅದೇ ತಂತ್ರಾಂಶದ 7ನೆಯ ಆವೃತ್ತಿಯನ್ನು. ಆಪಲ್ ಅದನ್ನು 2011ರಲ್ಲೇ ಕೈಬಿಟ್ಟಿತ್ತು. ಅವರ ಮೇಜಿನ ಮೇಲೆ ಹಳತಾಗದೆ ಇದ್ದದ್ದು ಕಿವಿ, ಕಣ್ಣು, ಎಲ್ಲಿ ಕತ್ತರಿಸಬೇಕೆಂಬ ತಿಳಿವಳಿಕೆ.

ಆ ರಾತ್ರಿ ಚೀಟಿಯ ಹಿಂಬದಿಯಲ್ಲಿ ನಾವಿಬ್ಬರೂ ಸೇರಿ ಹೊಸ ಪಟ್ಟಿ ಬರೆದೆವು. ನೂರು ರೂಪಾಯಿ ಇದೆ ಎಂದುಕೊಂಡರೆ ಇಪ್ಪತ್ತು ಡಿಸ್ಕು ಮತ್ತು ಯುಪಿಎಸ್‌ಗೆ, ಇಪ್ಪತ್ತೈದು ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್, ಹೆಡ್‌ಫೋನಿಗೆ, ಹದಿನೈದು ಪರದೆಗೆ, ನಲವತ್ತು ಕಂಪ್ಯೂಟರಿಗೆ. ಕಂಪ್ಯೂಟರಿನ ಪಾಲು ಈಗಲೂ ದೊಡ್ಡದೇ. ಬರೆದ ಕ್ರಮ ಮಾತ್ರ ಬದಲಾಯಿತು, ಪ್ರೊಸೆಸರಿನ ತುದಿಯ ಎಫ್ ಅಳಿಸಿಹೋಯಿತು, ಗ್ರಾಫಿಕ್ಸ್ ಕಾರ್ಡಿನ ಮುಂದೆ 'ಸದ್ಯಕ್ಕೆ ಬೇಡ' ಎಂದು ಬಿತ್ತು. ಬಣ್ಣದ ದೀಪದ ಫ್ಯಾನನ್ನು ಹುಡುಗ ಬಿಟ್ಟುಕೊಡಲಿಲ್ಲ. ಅದೊಂದು ಇರಲಿ ಎಂದೆ.

ನೀವೂ ಇಂಥದೇ ಚೀಟಿ ಹಿಡಿದು ಹೊರಡುವವರಾದರೆ ಒಂದೇ ಕೋರಿಕೆ. ನೀವು ತೆಗೆದ ವಿಡಿಯೋಗಳಲ್ಲೇ ಅತ್ಯಂತ ಕಾಟ ಕೊಟ್ಟ ಫೈಲೊಂದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ನಿಮ್ಮ ಹೆಡ್‌ಫೋನನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅಂಗಡಿಯವರು ತಮ್ಮ ಮಿಂಚುವ ವಿಡಿಯೋ ತೋರಿಸುವ ಮೊದಲು ನಿಮ್ಮದನ್ನು ಅಲ್ಲೇ ಓಡಿಸಿ, ಅಲ್ಲೇ ಕೇಳಿ. ದುಡ್ಡು ಎಣಿಸುವುದು ಆಮೇಲೆ.